ಫಿಟ್ಸ್ ಕ್ಲಿನಿಕ್ಕಿನ ದಾಖಲೆಗಳನ್ನು ಕ್ಲೌಡಿನಿಂದ ಇಳಿಸಿಕೊಂಡದ್ದು

ಆ ಸೋಮವಾರ ಬೆಳಿಗ್ಗೆ ನಾನು ಕಲಬುರಗಿಯ ಜೇವರ್ಗಿ ಕಾಲೋನಿಯ ಕ್ಲಿನಿಕ್ಕಿಗೆ ಹೋದದ್ದು ನನ್ನ ಮಾತ್ರೆಯ ಚೀಟಿ ಬರೆಸಿಕೊಂಡು ಬರಲಿಕ್ಕೆ, ಅಷ್ಟೇ. ಹದಿನಾರನೇ ವಯಸ್ಸಿನಿಂದ ನನಗೆ ಫಿಟ್ಸ್ ಇದೆ. ಈಗ ಐದು ವರ್ಷದಿಂದ ಒಂದೂ ಬಂದಿಲ್ಲ. ಅಲ್ಲಿನ ಡಾಕ್ಟರ್ ಮೇಡಂ ಡೋಸನ್ನು ಸ್ವಲ್ಪ ಏರಿಸಿ, ಸ್ವಲ್ಪ ಇಳಿಸಿ, ತಿಂಗಳುಗಟ್ಟಲೆ ಕಾದು ನೋಡಿ ನನ್ನನ್ನು ಈ ಸ್ಥಿತಿಗೆ ತಂದಿದ್ದಾರೆ. ನನ್ನ ಸರದಿ ಬಂತೆಂದು ಒಳಗೆ ಹೋದರೆ ಮೇಡಂ ತಲೆ ಎತ್ತಲಿಲ್ಲ. ಅವರ ಎದುರಿಗೆ ತಾಜಸುಲ್ತಾನಪುರದ ಒಬ್ಬ ಹೆಂಗಸು ಇನ್ನೂ ಕೂತಿದ್ದರು. ಮನೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುವವರು. ಅವರ ಫೋನ್ ನಂಬರು ಬದಲಾಗಿದೆಯೆಂದು ತಿದ್ದಲು ಹೋಗಿ, ಮುಂದಿನ ಮೇಜಿನಲ್ಲಿ ಕೂರುವ ಹುಡುಗಿ ಕಂಪ್ಯೂಟರಿನಲ್ಲಿ ಬೇರೆ ಗುಂಡಿ ಒತ್ತಿಬಿಟ್ಟಿದ್ದಳು. ಹೆಸರು ಹೋಯಿತು. ಹೆಸರಿನ ಜೊತೆಗೆ ಮೂರು ವರ್ಷದ ಭೇಟಿಗಳು, ಡೋಸುಗಳು, ಯಾವ ಮಾತ್ರೆಗೆ ಮೈಮೇಲೆ ಗುಳ್ಳೆ ಎದ್ದವು ಎಂಬುದು, ಎಲ್ಲವೂ ಪರದೆಯಿಂದ ಹೋದವು.

ಯಾವ ಮಾತ್ರೆ ತಗೊಳ್ತಿದ್ದೀರಿ ಎಂದು ಮೇಡಂ ಕೇಳುತ್ತಿದ್ದರು. ಒಂದು ಬಿಳಿದು, ಇನ್ನೊಂದು ಸ್ವಲ್ಪ ಹಳದಿ, ಪಟ್ಟಿ ಮನೆಯಲ್ಲಿ ಬಿಸಾಕಿದ್ದೇನೆ ಎಂದು ಆಕೆ ಹೇಳುತ್ತಿದ್ದರು. ಮೇಡಂ ತಮಗೆ ನೆನಪಿದ್ದ ಮಟ್ಟಿಗೆ ಅವರಿಗೆ ನಾಲ್ಕು ದಿನಕ್ಕಾಗುವಷ್ಟು ಮಾತ್ರೆ ಕೊಟ್ಟು, ಔಷಧದ ಅಂಗಡಿಯಲ್ಲಿ ಹಳೆಯ ಬಿಲ್ ಸಿಗುತ್ತದೇನೋ ನೋಡಿಕೊಂಡು ಬರಲು ಹೇಳಿ ಕಳಿಸಿದರು. ಹೊರಗಿನ ಹುಡುಗಿ ಅಳುತ್ತಿದ್ದಳು. ಮೇಡಂ ಅವಳನ್ನು ಬೈಯಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು.

"ನೀ ನಂದೂರಿನ ದಾಲ್ ಮಿಲ್ಲಿನಾಗ ಲಾರಿ ತೂಕದ ದಾಖಲೆ ಕಂಪ್ಯೂಟರಿನಾಗ ಇಡ್ತಿಯಲ್ಲಾ. ಅಲ್ಲಿ ಒಂದು ಲಾರಿ ಅಳಿಸಿ ಹೋದ್ರ ಮತ್ತ ಸಿಗ್ತದೇನು?"

ಸಿಗ್ತದ ಅಂದೆ. ಪ್ರತಿದಿನ ಸಂಜೆ ಒಂದು ನಕಲು ಬೇರೆ ಡಿಸ್ಕಿಗೆ ಹೋಗುತ್ತದೆ.

"ಲಾರಿಗೆ ಅದ. ನನ್ನ ರೋಗಿಗಳಿಗೆ ಇಲ್ಲ," ಎಂದರು ಮೇಡಂ. ತೊಗರಿಯ ಸುಗ್ಗಿ ಮುಗಿದು ಮಿಲ್ಲುಗಳಲ್ಲಿ ಕೆಲಸ ಸಡಿಲವಾಗಿತ್ತು. ನಾನು ಮೂರು ವಾರ ರಜೆ ಹಾಕಿದೆ.

ಕ್ಲಿನಿಕ್ಕಿನ ದಾಖಲೆ ಇದ್ದದ್ದು ಕ್ಲೌಡ್ ಡೇಟಾಬೇಸಿನಲ್ಲಿ, ಅಂದರೆ ಇಂಟರ್ನೆಟ್ಟಿನ ಆ ತುದಿಯಲ್ಲಿ ಎಲ್ಲೋ ಇರುವ ಬಾಡಿಗೆಯ ಕಂಪ್ಯೂಟರುಗಳಲ್ಲಿ. ಅಲ್ಲಿ ಒಬ್ಬೊಬ್ಬ ರೋಗಿಗೆ ಒಂದೊಂದು ಕಡತ. ಆ ಕಡತದ ಕೆಳಗೆ ಅವರ ಭೇಟಿಗಳ ಒಂದು ಕಟ್ಟು. ಒಂದು ಕಡತದಲ್ಲಿ ಇರುವ ವಿವರ ಇನ್ನೊಂದರಲ್ಲಿ ಇರಲೇಬೇಕೆಂದಿಲ್ಲ, ಯಾರೂ ಕೇಳುವುದಿಲ್ಲ. ನಾನು ದಿನಾ ಕೆಲಸ ಮಾಡುವ ರಿಲೇಶನಲ್ ಡೇಟಾಬೇಸ್ ಬಲು ಬಿಗಿ. ಅಲ್ಲಿ ಎಲ್ಲವೂ ಟೇಬಲ್ಲುಗಳು, ಸಾಲುಗಳು. ಭೇಟಿಯ ಸಾಲು ಹಾಕಬೇಕೆಂದರೆ ಮೊದಲು ಆ ರೋಗಿಯ ಸಾಲು ಇರಲೇಬೇಕು, ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ. ಅಲ್ಲಿಂದ ಇಲ್ಲಿಗೆ ಪ್ರತಿಯೊಂದು ದಾಖಲೆಯನ್ನೂ ಇಳಿಸಿಕೊಂಡು, ಕ್ಲಿನಿಕ್ಕಿನ ಸ್ವಂತ ಕಂಪ್ಯೂಟರಿನಲ್ಲಿ ನಕಲು ಇಡುವುದು ನನ್ನ ಕೆಲಸ.

ಮೊದಲ ದಿನ ಬರೀ ತಯಾರಿ. ರೋಗಿಗಳ ವಿಷಯ ಹೊರಗೆ ಆಡುವುದಿಲ್ಲವೆಂದು ಕಾಗದಕ್ಕೆ ಸಹಿ ಹಾಕಿದೆ. ಕ್ಲಿನಿಕ್ಕಿನ ಆಪ್ ಬರೆದುಕೊಟ್ಟವರು ಈಗ ಬೇರೆ ಊರಿನಲ್ಲಿ ಪಾಠ ಮಾಡುತ್ತಾರೆ. ಫೋನಿನಲ್ಲಿ ಸಿಕ್ಕರು. ಅವರಿಂದ ಓದಲು ಮಾತ್ರ ಬರುವ ಕೀಲಿಯನ್ನು, ಅಂದರೆ ಪಾಸ್‌ವರ್ಡಿನಂಥದ್ದನ್ನು, ಕೇಳಿ ತರಿಸಿಕೊಂಡೆ. ನನ್ನ ಪ್ರೋಗ್ರಾಂ ತಪ್ಪಿದರೂ ಕ್ಲೌಡಿನಲ್ಲಿ ಒಂದಕ್ಷರವೂ ಅಳಿಸಬಾರದು, ಬದಲಾಗಬಾರದು. ಆಮೇಲೆ ಕ್ಲಿನಿಕ್ಕಿನ ಕಂಪ್ಯೂಟರಿಗೆ ಪೋಸ್ಟ್‌ಗ್ರೆಸ್ ಎಂಬ ರಿಲೇಶನಲ್ ಡೇಟಾಬೇಸ್ ಹಾಕಿ ಮೂರು ಟೇಬಲ್ ಕಟ್ಟಿದೆ: ರೋಗಿ, ಭೇಟಿ, ಮಾತ್ರೆ. ನಾಲ್ಕನೆಯದೊಂದನ್ನು ನನ್ನ ಸಮಾಧಾನಕ್ಕೆ ಸೇರಿಸಿದೆ. ಅದರಲ್ಲಿ ಕ್ಲೌಡಿನಿಂದ ಬಂದ ಕಡತವನ್ನು ಬಂದಂತೆಯೇ, ಒಂದು ಚುಕ್ಕೆಯನ್ನೂ ಬದಲಿಸದೆ ಇಡುವುದು. ಡೋಸಿನ ಜಾಗದಲ್ಲಿ ಒಬ್ಬರು "200" ಎಂದು ಬರೆದಿದ್ದರೆ ಇನ್ನೊಬ್ಬರು "ಮುಂಜಾನೆ 1 ರಾತ್ರಿ 1½" ಎಂದು ಬರೆದಿದ್ದರು. ಅದನ್ನು ಅರ್ಥ ಮಾಡಿಕೊಳ್ಳುವ ಭರದಲ್ಲಿ ನಾನೇ ಹಾಳು ಮಾಡಿಬಿಟ್ಟರೆ ಹಿಂದಕ್ಕೆ ಹೋಗಿ ನೋಡಲು ಒಂದು ಮೂಲ ಬೇಕಿತ್ತು.

ಪ್ರೋಗ್ರಾಂ ಬರೆದು ಮುಗಿಸಿದ್ದು ಬುಧವಾರ ಮಧ್ಯಾಹ್ನ. ಓಡಿಸಿದೆ. ಪರದೆಯ ಮೇಲೆ ಸಾಲುಗಳು ಸರಸರ ಇಳಿಯತೊಡಗಿದವು. ಎಷ್ಟು ಓದಿತು, ಎಷ್ಟು ಬರೆಯಿತು ಎಂದು ಕೊನೆಗೆ ಲೆಕ್ಕ ತೋರಿಸುವಂತೆ ಮಾಡಿದ್ದೆ. ಎರಡೂ ಒಂದೇ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಮೊದಲ ಸಲಕ್ಕೇ ಇಷ್ಟು ಚೊಕ್ಕಟವಾಗಿ ಬಂದದ್ದನ್ನು ನಾನು ನೋಡಿರಲಿಲ್ಲ. ಮೇಡಂಗೆ ಆಯಿತೆಂದು ಹೇಳಿ, ಚಹಾ ಕುಡಿದು, ಖುಷಿಗೆ ಒಂದು ಕಡತ ತೆರೆದು ನೋಡೋಣ ಎಂದುಕೊಂಡೆ. ಬೇರೆಯವರದನ್ನು ಓದುವ ಹಕ್ಕು ನನಗಿಲ್ಲ. ನನ್ನದನ್ನೇ ತೆರೆದೆ.

ನನ್ನ ಹದಿನಾರು ವರ್ಷದ ಹುಡುಗಿತನ ಇರಲಿಲ್ಲ ಅದರಲ್ಲಿ, ಆಪ್ ಬಂದಮೇಲಿನದು ಮಾತ್ರ. ಒಂದೊಂದೇ ಭೇಟಿ ನೋಡುತ್ತಾ ಹೋದೆ. ಡೋಸು ಎಲ್ಲಾ ಸಾಲಿನಲ್ಲೂ ಒಂದೇ. ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು. ಎರಡು ವರ್ಷದ ಹಿಂದೆ ನಾನು ಬಸುರಿಯಾಗಿ ತವರಿಗೆ, ಕಮಲಾಪುರಕ್ಕೆ ಹೋಗಿದ್ದೆ. ಮೇಡಂ ಪ್ರತಿ ಗುರುವಾರ ಕಮಲಾಪುರದಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ರೋಗಿಗಳನ್ನು ನೋಡುತ್ತಾರೆ. ಏಳನೇ ತಿಂಗಳಲ್ಲಿ ಅಲ್ಲಿಯೇ ನನ್ನ ಡೋಸ್ ಏರಿಸಿದ್ದರು, ಹೆರಿಗೆಯ ನಂತರ ಅಲ್ಲಿಯೇ ಇಳಿಸಿದ್ದರು. ನಾಲ್ಕು ಸಲ ಹೋಗಿದ್ದೆ. ಆ ನಾಲ್ಕೂ ಭೇಟಿ ನನ್ನ ಟೇಬಲ್ಲಿನಲ್ಲಿ ಇರಲಿಲ್ಲ. ಇಂಟರ್ನೆಟ್ಟಿನಲ್ಲಿ ಆಪ್ ತೆರೆದು ನೋಡಿದರೆ ಕಲಬುರಗಿಯ ಕಂಪ್ಯೂಟರಿನಲ್ಲೂ ಇರಲಿಲ್ಲ.

ಲೆಕ್ಕ ಸರಿಯಿದೆ, ದಾಖಲೆ ಇಲ್ಲ. ನಾನು ಅಷ್ಟು ಹೊತ್ತು ಸಂಭ್ರಮ ಪಟ್ಟದ್ದು ನೆನೆದು ನಾಚಿಕೆಯಾಯಿತು. ನನ್ನ ಪ್ರೋಗ್ರಾಂ ತನಗೆ ಕಂಡದ್ದನ್ನೆಲ್ಲ ತಂದಿತ್ತು. ಕಾಣದೇ ಇದ್ದದ್ದು ಎಷ್ಟು ಎಂದು ಯಾರು ಹೇಳಬೇಕು?

ಕಮಲಾಪುರದ ಸಿಸ್ಟರಿಗೆ ಫೋನು ಮಾಡಿದೆ. ಅಲ್ಲಿನ ಕ್ಲಿನಿಕ್ಕನ್ನು ವಾರವಿಡೀ ನೋಡಿಕೊಳ್ಳುವವರು ಅವರೇ. ನನ್ನ ಹೊಟ್ಟೆ ಮುಂದೆ ಬಂದಿದ್ದಾಗ ನನ್ನನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿದವರು, ನಾನು ಅಕ್ಕಾ ಎಂದೇ ಕರೆಯುವುದು. ಅವರು ರಿಜಿಸ್ಟರಿನಲ್ಲಿ ನನ್ನ ನಂಬರು ಹುಡುಕಿ, ಟ್ಯಾಬಿನಲ್ಲಿ ಆ ನಂಬರು ಹಾಕಿ, "ಅವ ನೋಡು ತಂಗಿ, ನಾಲ್ಕೂ ಅವ. ಏಳನೇ ತಿಂಗಳಿಂದೂ ಅದ," ಎಂದರು.

ಹಾಗಾದರೆ ಇವೆ. ಆದರೆ ಎಲ್ಲಿ? ಕ್ಲೌಡ್ ಡೇಟಾಬೇಸನ್ನು ನೇರವಾಗಿ ತೋರಿಸುವ ಪುಟ ತೆರೆದು ರೋಗಿಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಉರುಳಿಸುತ್ತಾ ಕೂತೆ. ಅರ್ಧ ತಾಸು ಆಗಿರಬೇಕು. ಆಗ ಕಣ್ಣಿಗೆ ಬಿತ್ತು. ಕೆಲವು ನಂಬರುಗಳು ಉಳಿದವುಗಳ ಹಾಗೆ ನೆಟ್ಟಗೆ ಇರಲಿಲ್ಲ, ತುಸು ವಾಲಿಕೊಂಡಿದ್ದವು. ವಾರೆ ಅಕ್ಷರ. ಒಂದನ್ನು ಒತ್ತಿದೆ. ಈ ಕಡತ ಇಲ್ಲ ಎಂದು ತೋರಿಸಿತು. ಇಲ್ಲದ ಕಡತದ ಕೆಳಗೆ ಭೇಟಿಗಳ ಕಟ್ಟು ಮಾತ್ರ ಇತ್ತು. ತೆರೆದೆ. ಮೂರು ಭೇಟಿ.

ನಾನು ಕುರ್ಚಿಯಿಂದ ಎದ್ದು ನಿಂತೆ. ಈ ಬಗೆಯ ಡೇಟಾಬೇಸಿನಲ್ಲಿ ಮೇಲಿನ ಕಡತ ಇಲ್ಲದೆಯೂ ಅದರ ಕೆಳಗಿನ ಕಟ್ಟು ಇರಬಹುದು ಎಂದು ಎಲ್ಲೋ ಓದಿದ್ದೆ. ಟೇಬಲ್ಲುಗಳಲ್ಲಿ ಬೆಳೆದ ನನ್ನ ತಲೆಗೆ ಅದು ಇಳಿದಿರಲಿಲ್ಲ. ನನ್ನ ಪ್ರೋಗ್ರಾಂ ಮೊದಲು ಕಡತಗಳ ಪಟ್ಟಿ ಕೇಳುತ್ತಿತ್ತು, ಆಮೇಲೆ ಒಂದೊಂದು ಕಡತದೊಳಗೆ ಇಳಿಯುತ್ತಿತ್ತು. ಕಡತವೇ ಇಲ್ಲದವರ ಬಾಗಿಲಿಗೆ ಅದು ಹೋಗುತ್ತಲೇ ಇರಲಿಲ್ಲ. ಅಕ್ಕನಿಗೆ ಮತ್ತೆ ಫೋನು ಮಾಡಿದಾಗ ಕಾರಣ ತಿಳಿಯಿತು. ಕಮಲಾಪುರದ ಟ್ಯಾಬಿನಲ್ಲಿ ಹೊಸ ರೋಗಿಯ ಹೆಸರು ಬರೆಯುವ ಪುಟ ಶುರುವಿನಿಂದಲೂ ಸಿಕ್ಕಿಹಾಕಿಕೊಳ್ಳುತ್ತಿತ್ತಂತೆ. ಅದಕ್ಕೆ ಅವರು ಹೆಸರು, ಊರು, ವಯಸ್ಸನ್ನು ಕಾಗದದ ರಿಜಿಸ್ಟರಿನಲ್ಲಿ ಬರೆದು, ಕಮಲಾಪುರದ್ದೇ ಬೇರೆ ನಂಬರು ಕೊಟ್ಟು, ಭೇಟಿಯನ್ನು ಮಾತ್ರ ಟ್ಯಾಬಿಗೆ ಹಾಕುತ್ತಾ ಬಂದಿದ್ದರು. ಟ್ಯಾಬು ಬೇಡವೆನ್ನಲಿಲ್ಲ.

ಪ್ರೋಗ್ರಾಂ ತಿರುಗಿಸಿ ಬರೆದೆ. ಕಡತಗಳನ್ನು ಕೇಳುವ ಬದಲು, ಭೇಟಿ ಎಂಬ ಹೆಸರಿನ ಕಟ್ಟು ಎಲ್ಲೆಲ್ಲಿದೆಯೋ ಅಲ್ಲಿಂದೆಲ್ಲ ತಾ, ಮೇಲೆ ಕಡತ ಇರಲಿ ಬಿಡಲಿ, ಎಂದು ಒಂದೇ ಪ್ರಶ್ನೆ. ಗುರುವಾರ ಬೆಳಿಗ್ಗೆ ಓಡಿಸಿದೆ. ಮೊದಲು ನಿಂತ ಸಂಖ್ಯೆಯ ಹತ್ತಿರ ಬಂತು, ದಾಟಿತು, ದಾಟಿ ಹೋಗುತ್ತಲೇ ಇತ್ತು.

ಹೊಸದಾಗಿ ಬಂದವುಗಳ ನಂಬರುಗಳನ್ನು ಸಾಲಾಗಿ ಇಟ್ಟು ನೋಡಿದೆ. ಎಲ್ಲವೂ ಕಮಲಾಪುರದ ಸರಣಿ. ಒಂದು ಮಾತ್ರ ಬೇರೆ, ಅದು ಕಲಬುರಗಿಯ ನಂಬರು. ಅದರ ಕೆಳಗೆ ಮೂರು ವರ್ಷದ ಭೇಟಿಗಳು. ಕೊನೆಯ ಭೇಟಿಯ ಟಿಪ್ಪಣಿಯಲ್ಲಿ ಹೊಲಿಗೆ ಮಷಿನ್ ಮೇಲೆ ಕೂತಾಗ ತಲೆಸುತ್ತು ಎಂದಿತ್ತು. ಅದನ್ನು ಎರಡು ಸಲ ಓದಿದೆ. ಸೋಮವಾರ ಆ ಹುಡುಗಿ ಅಳಿಸಿದ್ದು ಮೇಲಿನ ಕಡತವನ್ನು ಮಾತ್ರ. ಕೆಳಗಿನ ಕಟ್ಟನ್ನು ಯಾರೂ ಮುಟ್ಟಿರಲಿಲ್ಲ. ಅದು ವಾರೆ ಅಕ್ಷರದ ಕೆಳಗೆ ತನ್ನ ಪಾಡಿಗೆ ತಾನು ಇತ್ತು.

ಮೇಡಂ ಆ ಹೊತ್ತಿಗೆ ಕಮಲಾಪುರಕ್ಕೆ ಹೊರಟು ಕಾರಿನ ಬಾಗಿಲು ತೆಗೆಯುತ್ತಿದ್ದರು. ಓಡಿಹೋಗಿ ಕರೆದೆ. ಅವರು ಒಳಗೆ ಬಂದು, ಕನ್ನಡಕ ಹಾಕಿಕೊಂಡು, ನಿಂತುಕೊಂಡೇ ಮೊದಲ ಭೇಟಿಯಿಂದ ಕೊನೆಯ ಭೇಟಿಯವರೆಗೆ ಓದಿದರು. ಆಮೇಲೆ ಕೂತರು. ಮುಂದಿನ ಮೇಜಿನ ಹುಡುಗಿಯನ್ನು ಕರೆದು, "ಆಕಿಗಿ ಫೋನ್ ಹಚ್ಚು. ಸಿಕ್ತು ಅಂತ ನೀನೇ ಹೇಳು," ಎಂದರು. ಹುಡುಗಿ ಸೋಮವಾರ ಬರೆದುಕೊಂಡಿದ್ದ ಹೊಸ ನಂಬರು ಹುಡುಕಿ ಒತ್ತಿದಳು.

ದಾಖಲೆ ಸಿಕ್ಕಿತು, ಆದರೆ ಇಳಿಸಿಕೊಳ್ಳಲು ಆಗಲಿಲ್ಲ. ಭೇಟಿಯ ಟೇಬಲ್ ಕಮಲಾಪುರದ ಒಂದೊಂದು ಸಾಲನ್ನೂ ವಾಪಸು ಕಳಿಸಿತು. ಈ ನಂಬರಿನ ರೋಗಿ ಇಲ್ಲ, ಇಲ್ಲದವರ ಭೇಟಿ ನನಗೆ ಬೇಡ ಎಂದು. ಆ ನಿಯಮವನ್ನು ಒಂದು ಸಾಲಿನ ಆದೇಶದಲ್ಲಿ ತೆಗೆದುಹಾಕಬಹುದಿತ್ತು. ತೆಗೆದರೆ ನಿಮಿಷದಲ್ಲಿ ಎಲ್ಲ ಒಳಗೆ ಬರುತ್ತಿದ್ದವು, ಮತ್ತು ನನ್ನ ನಕಲೂ ಕ್ಲೌಡಿನ ಹಾಗೆಯೇ ಹೇಳೋರು ಕೇಳೋರು ಇಲ್ಲದ್ದು ಆಗುತ್ತಿತ್ತು. ಇನ್ನೊಂದು ದಾರಿಯೂ ಇತ್ತು. ಅಕ್ಕ ರಿಜಿಸ್ಟರಿನ ಫೋಟೋ ಕಳಿಸಿದ್ದರು. ಕಮಲಾಪುರದ ಎಷ್ಟೋ ರೋಗಿಗಳು ಕಲಬುರಗಿಗೂ ಬಂದವರು, ನನ್ನ ಹಾಗೆ. ಹೆಸರು, ವಯಸ್ಸು, ಊರು ಹೋಲಿಸಿ ಇವರೇ ಅವರು ಎಂದು ಜೋಡಿಸುವ ಪ್ರೋಗ್ರಾಂ ಬರೆದೆ. ಖಚಿತ, ಬಹುಶಃ, ಗೊತ್ತಿಲ್ಲ ಎಂದು ಮೂರು ಪಟ್ಟಿ ಮಾಡಿಕೊಟ್ಟಿತು. ಖಚಿತದ ಪಟ್ಟಿ ಉದ್ದವಿತ್ತು. ನೋಡಲು ಬಹಳ ಚೆಂದವಿತ್ತು.

ಅದನ್ನು ಒಪ್ಪಿಕೊಳ್ಳಲು ಬೆರಳು ಕೀಲಿಯ ಮೇಲಿಟ್ಟು ತೆಗೆದೆ. ಹಿಂದಿನ ದಿನ ಲೆಕ್ಕ ಸರಿಬಂದಾಗಲೂ ನನಗೆ ಹೀಗೇ ಚೆಂದ ಕಂಡಿತ್ತು. ಮಿಲ್ಲಿನಲ್ಲಿ ಎರಡು ಲಾರಿ ಅದಲುಬದಲಾದರೆ ಬೈಗುಳ ತಿಂದು ತಿದ್ದಬಹುದು. ಇಲ್ಲಿ ಒಬ್ಬರ ಡೋಸು ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ನಿರ್ಧಾರ ಮಾಡಿದೆ. ಕಮಲಾಪುರದ ಪ್ರತಿ ನಂಬರಿಗೂ ರೋಗಿಯ ಟೇಬಲ್ಲಿನಲ್ಲಿ ಒಂದು ಬೇರೆ ಸಾಲು, ಹೆಸರಿನ ಮುಂದೆ "ಇನ್ನೂ ಗುರುತಿಸಿಲ್ಲ" ಎಂಬ ಗುರುತು. ಇಬ್ಬರೂ ಒಬ್ಬರೇ ಎಂದು ಒಬ್ಬ ಮನುಷ್ಯ ಹೇಳಿದ ಮೇಲೆಯೇ ಜೋಡಿಸುವುದು, ಯಾರು ಹೇಳಿದರು ಎಂಬುದನ್ನೂ ಬರೆದಿಡುವುದು. ಕಂಪ್ಯೂಟರ್ ಯಾರನ್ನೂ ಜೋಡಿಸಕೂಡದು. ಮೇಡಂಗೆ ಫೋನಿನಲ್ಲಿ ಹೇಳಿದೆ, ಇದರಿಂದ ಇನ್ನೂ ಒಂದು ವಾರ ಹಿಡಿಯುತ್ತದೆ ಎಂದೂ ಹೇಳಿದೆ. ಹಿಡೀಲಿ ಅಂದರು.

ಮುಂದಿನ ಗುರುವಾರ ಲ್ಯಾಪ್‌ಟಾಪ್ ಹಿಡಿದು ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದೆ. ಅಕ್ಕ ನನಗೊಂದು ಮೂಲೆಯ ಮೇಜು ಬಿಟ್ಟುಕೊಟ್ಟು, ಅದರ ಮೇಲೆ ಎರಡು ಕೆಂಪು ಬಾಳೆಹಣ್ಣು ಇಟ್ಟಿದ್ದರು. ರಿಜಿಸ್ಟರ್ ಅವರ ತೊಡೆಯ ಮೇಲೆ. ಖಚಿತದ ಪಟ್ಟಿಯ ಮೊದಲನೆಯ ಜೋಡಿಯನ್ನೇ ಓದಿದೆ. ಒಂದೇ ಹೆಸರು, ಒಂದೇ ಅಡ್ಡಹೆಸರು, ಇಪ್ಪತ್ನಾಲ್ಕು ವಯಸ್ಸು, ಒಂದೇ ಊರು.

ಅಕ್ಕ ನಕ್ಕುಬಿಟ್ಟರು. "ಇವ್ರು ಇಬ್ಬರ ಅದಾರ, ತಂಗಿ. ಒಂದ ಮನಿತನಕ್ಕ ಸೊಸಿಯಾಗಿ ಬಂದಾರ, ಅಣ್ಣನ ಹೇಣ್ತಿ ಒಬ್ಬಾಕಿ, ತಮ್ಮನ ಹೇಣ್ತಿ ಒಬ್ಬಾಕಿ. ಒಬ್ಬಾಕಿ ಅಲ್ಲೇ ಬಾಕಿನ ಮ್ಯಾಲ ಕುಂತಾಳ ನೋಡು."

ತಿರುಗಿ ಬೆಂಚಿನ ಕಡೆ ನೋಡಿದೆ. ಹಸಿರು ಸೀರೆಯ ಒಬ್ಬ ಹೆಂಗಸು ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ತನ್ನ ಸರದಿಗೆ ಕಾಯುತ್ತಿದ್ದಳು. ಎರಡೂ ಕಡತವನ್ನು ಮೇಡಂ ಮುಂದೆ ಇಟ್ಟೆ. ಹಸಿರು ಸೀರೆಯವಳು ಮಗು ಬೇಕೆಂದಿದ್ದಕ್ಕೆ, ಬಸುರಿಯರಿಗೆ ಆಗಿಬರದ ಒಂದು ಮಾತ್ರೆಯನ್ನು ಮೇಡಂ ಆರು ತಿಂಗಳ ಹಿಂದೆ ನಿಲ್ಲಿಸಿ ಬೇರೆ ಕೊಟ್ಟಿದ್ದರು. ಮಕ್ಕಳು ಸಾಕೆಂದು ಆಪರೇಶನ್ ಮಾಡಿಸಿಕೊಂಡಿದ್ದ ಅವಳ ವಾರಗಿತ್ತಿ ಅದೇ ಮಾತ್ರೆಯನ್ನು ಈಗಲೂ ತೆಗೆದುಕೊಳ್ಳುತ್ತಿದ್ದಳು. ನಾನು ಆ ಕೀಲಿ ಒತ್ತಿದ್ದರೆ ಇಬ್ಬರೂ ಒಬ್ಬಳಾಗಿ, ಇತ್ತೀಚಿನ ಡೋಸು ಎಂದು ಮೇಲೆ ಕಾಣುತ್ತಿದ್ದದ್ದು ವಾರಗಿತ್ತಿಯದು. ಮೇಡಂ ನನ್ನ ಭುಜ ಒಂದು ಸಲ ತಟ್ಟಿ, ಅವಳನ್ನು ಒಳಗೆ ಕರೆದರು.

ಅವತ್ತು ಸಂಜೆಯವರೆಗೆ ನಾವು ಹಾಗೇ ಕೂತೆವು. ಬಂದ ರೋಗಿಗಳನ್ನು ಅಕ್ಕ ನೇರವಾಗಿ ಕೇಳುತ್ತಿದ್ದರು, ಬರದವರಲ್ಲಿ ಗೊತ್ತಿದ್ದವರನ್ನು ಹೇಳುತ್ತಿದ್ದರು, ಅನುಮಾನವಿದ್ದವರಿಗೆ ಫೋನು. ಒಂದೊಂದು ಹೆಸರು ಸಿಕ್ಕಾಗಲೂ "ಇನ್ನೂ ಗುರುತಿಸಿಲ್ಲ" ಅಳಿಸಿ ಹೆಸರು ಬರೆಯುತ್ತಿದ್ದೆ. ನನ್ನ ನಾಲ್ಕು ಭೇಟಿಗಳನ್ನು ನನ್ನ ಹೆಸರಿಗೆ ಜೋಡಿಸಿದಾಗ, ಯಾರು ಹೇಳಿದರು ಎಂಬ ಕಡೆ "ಸ್ವತಃ" ಎಂದು ಬರೆದೆ.

ಮಧ್ಯದಲ್ಲಿ ಅಕ್ಕ ಪರದೆಯನ್ನು ದಿಟ್ಟಿಸಿ ನೋಡಿ, "ಇದು ಬುಧವಾರ ಅಂತ ಯಾಕ ತೋರ್ಸಾಕತ್ತದ? ನಾವು ಬುಧವಾರ ಕ್ಲಿನಿಕ್ ಮಾಡಿಲ್ಲ," ಎಂದರು. ನೋಡಿದರೆ ಕಮಲಾಪುರದ ಒಂದೊಂದು ಭೇಟಿಯೂ ಬುಧವಾರವೇ. ಕಲಬುರಗಿಯವೂ ಒಂದು ದಿನ ಹಿಂದೆ. ಮೂಲ ಕಡತ ತೆರೆದು ಗಂಟೆಯನ್ನೂ ನೋಡಿದೆ. ಆಮೇಲೆ ಹೊಳೆಯಿತು. ಆಪ್ ಭೇಟಿಯ ತಾರೀಖನ್ನು ಆ ದಿನ ಶುರುವಾಗುವ ಹನ್ನೆರಡು ಗಂಟೆ ಎಂದು ಇಡುತ್ತದೆ. ಕ್ಲೌಡಿನ ಗಡಿಯಾರ ನಮಗಿಂತ ಐದೂವರೆ ತಾಸು ಹಿಂದೆ. ನಮ್ಮ ಗುರುವಾರ ಶುರುವಾಗುವ ಹೊತ್ತಿಗೆ ಅಲ್ಲಿ ಇನ್ನೂ ಬುಧವಾರ ಸಂಜೆ ಆರೂವರೆ. ನಾನು ಗಂಟೆ ಬಿಟ್ಟು ತಾರೀಖು ಮಾತ್ರ ಎತ್ತಿಕೊಂಡಿದ್ದೆ. ಎರಡು ಸಾಲು ತಿದ್ದಿದೆ. ಮೂಲ ಕಡತಗಳನ್ನು ಬಂದಂತೆಯೇ ಇಟ್ಟುಕೊಂಡಿದ್ದರಿಂದ ಮತ್ತೆ ಕ್ಲೌಡಿಗೆ ಹೋಗಬೇಕಾಗಲಿಲ್ಲ. ಕಮಲಾಪುರದಲ್ಲಿ ಆಗ ಇಂಟರ್ನೆಟ್ಟೂ ಇರಲಿಲ್ಲ. ಅಲ್ಲಿಯೇ, ಬಾಳೆಹಣ್ಣಿನ ಸಿಪ್ಪೆಯ ಪಕ್ಕದಲ್ಲಿ, ಟೇಬಲ್ಲುಗಳನ್ನು ಮೂಲದಿಂದ ಹೊಸದಾಗಿ ತುಂಬಿಸಿದೆ. ಬುಧವಾರಗಳೆಲ್ಲ ಒಟ್ಟಿಗೆ ಗುರುವಾರಗಳಾದವು. ಅಕ್ಕ ಹತ್ತು ದಿನಗಳನ್ನು ರಿಜಿಸ್ಟರಿನ ಜೊತೆ ತಾಳೆ ನೋಡಿ ಸೈ ಎಂದರು.

ಉಳಿದದ್ದು ಒಂದೇ ಪರೀಕ್ಷೆ. ವಾಪಸು ತುಂಬಿಸಿ ನೋಡದ ನಕಲನ್ನು ನಾನು ನಕಲು ಎಂದು ಕರೆಯುವುದಿಲ್ಲ. ಮರುವಾರ ಜೇವರ್ಗಿ ಕಾಲೋನಿಯಲ್ಲಿ, ಬರಿದಾದ ಇನ್ನೊಂದು ಕಂಪ್ಯೂಟರ್ ತೆಗೆದುಕೊಂಡು, ಇಂಟರ್ನೆಟ್ಟಿನ ವೈರು ಕಿತ್ತು, ಡಿಸ್ಕಿನಲ್ಲಿದ್ದ ನಕಲಿನಿಂದ ಎಲ್ಲವನ್ನೂ ತುಂಬಿಸಿದೆ. ಮೇಡಂ ಮೊದಲ ರೋಗಿಯ ಹೆಸರು ತೆಗೆಯಲು ಹೇಳಿದರು. ಹೆಸರಿನ ಜಾಗದಲ್ಲಿ ಏಳು ಪ್ರಶ್ನೆಚಿಹ್ನೆ. ಡೋಸಿನ ಜಾಗದಲ್ಲೂ ಪ್ರಶ್ನೆಚಿಹ್ನೆ, ನಡುವೆ ಒಂದು ಅಂಕಿ. ಕನ್ನಡದ ಒಂದಕ್ಷರವೂ ಉಳಿದಿರಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ಡೇಟಾಬೇಸ್ ಕಟ್ಟುವಾಗ ಅದು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಇಟ್ಟುಕೊಳ್ಳುವ ಹಾಗೆ ನಾನೇ ಬಿಟ್ಟಿದ್ದೆ. ಅಳಿಸಿ, ಯೂನಿಕೋಡ್ ಎಂದು ಹೇಳಿ ಮತ್ತೆ ಕಟ್ಟಿ, ಮತ್ತೆ ತುಂಬಿಸಿದೆ. "ಮುಂಜಾನೆ 1 ರಾತ್ರಿ 1½" ಬಂತು. ಆ ದಿನ ಬಂದ ರೋಗಿಗಳನ್ನೆಲ್ಲ ಮೇಡಂ ಆ ಕಂಪ್ಯೂಟರ್ ನೋಡಿಯೇ ಪರೀಕ್ಷಿಸಿದರು, ಕ್ಲೌಡನ್ನು ಮುಟ್ಟಲಿಲ್ಲ. ಒಂದು ಕಡೆಯೂ ತಡೆಯಲಿಲ್ಲ. ಪ್ರತಿದಿನ ಕ್ಲಿನಿಕ್ ಮುಚ್ಚುವ ಮೊದಲು ಇದು ತಾನಾಗಿ ನಡೆಯುವಂತೆ ಹಚ್ಚಿ, ತಿಂಗಳಿಗೊಮ್ಮೆ ವಾಪಸು ತುಂಬಿಸಿ ನೋಡಬೇಕೆಂದು ಮುಂದಿನ ಮೇಜಿನ ಹುಡುಗಿಗೆ ಕಲಿಸಿಕೊಟ್ಟೆ. ಅವಳು ಅದನ್ನು ನನಗಿಂತ ಎಚ್ಚರದಿಂದ ಮಾಡುತ್ತಾಳೆ.

ನನ್ನ ರಜೆಯ ಕೊನೆಯ ದಿನ ಕಮಲಾಪುರಕ್ಕೂ ಒಂದು ನಕಲು ಹಾಕಿಕೊಡಲು ಹೋಗಿದ್ದೆ. ಎಲ್ಲ ಮುಗಿದ ಮೇಲೆ ಅಕ್ಕ ಸುಮ್ಮನೆ ಒಂದು ಮಾತು ಕೇಳಿದರು. ಟ್ಯಾಬಿನಲ್ಲಿ ಬಂದವರು ಕಾಣುತ್ತಾರೆ, ಬಾರದವರು ಕಾಣುವುದಿಲ್ಲ. ಇದರಲ್ಲಿ ಬಾರದವರನ್ನು ತೋರಿಸಲು ಬರುತ್ತದೇನು? ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಟೇಬಲ್ಲುಗಳಿಗೆ ಅದು ಎರಡು ಸಾಲಿನ ಪ್ರಶ್ನೆ. ಯಾರ ಕೊನೆಯ ಭೇಟಿ ಮೂರು ತಿಂಗಳಿಗಿಂತ ಹಳೆಯದು, ಅವರ ಹೆಸರು, ಫೋನು. ಬರೆದು ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಬಂತು. ಅಕ್ಕ ಕುರ್ಚಿ ಎಳೆದುಕೊಂಡು ಹತ್ತಿರ ಬಂದು, ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದರು. ಇಬ್ಬರು ತೀರಿಕೊಂಡಿದ್ದು ಅವರಿಗೆ ಗೊತ್ತಿತ್ತು, ಅದನ್ನು ಬರೆದುಕೊಂಡೆವು. ಒಬ್ಬಳು ಮದುವೆಯಾಗಿ ಬೀದರಿಗೆ ಹೋಗಿದ್ದಳು. ಉಳಿದವರ ಬಗ್ಗೆ ಅವರಿಗೂ ತಿಳಿಯದು.

ಮೊದಲ ನಂಬರಿಗೆ ಅವರೇ ಫೋನು ಹಚ್ಚಿ, ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು. ಎತ್ತಿದವಳು ಒಬ್ಬ ಹೆಂಗಸು, ಕೂಲಿ ಕೆಲಸದ ನಡುವೆ ಇದ್ದಳೆಂದು ಕಾಣುತ್ತದೆ, ಹಿಂದೆ ಸಲಿಕೆಯ ಸದ್ದು. ವರ್ಷದಿಂದ ಒಂದೂ ಬರದಿದ್ದಕ್ಕೆ ವಾಸಿಯಾಯಿತೆಂದು ಮಾತ್ರೆ ಬಿಟ್ಟಿದ್ದಳಂತೆ. ಹೋದ ವಾರ ಮತ್ತೆ ಬಂದಿತಂತೆ, ಒಲೆಯ ಮುಂದೆ ಕೂತಾಗ. ಮಾತ್ರೆ ಬಿಟ್ಟೆನೆಂದು ಬೈಯ್ತಾರೆ, ಹೋಗುವುದು ಹೇಗೆ ಎಂದು ಯೋಚಿಸುತ್ತಿದ್ದೆ ಎಂದಳು. ಆಮೇಲೆ ಕೇಳಿದಳು.

"ನನ್ನ ಹೆಸರು ಇನ್ನಾ ಅದ ಏನ್ರೀ ನಿಮ್ಮಲ್ಲಿ?"

"ಅದ ಅವ್ವಾ," ಎಂದರು ಅಕ್ಕ. "ನನ್ನ ಮುಂದೇ ಅದ. ನಿನ್ನ ಮಾತ್ರಿ ಯಾವುದು, ಎಷ್ಟು, ಎಲ್ಲಾ ಅದ. ಯಾರೂ ಬೈಯಂಗಿಲ್ಲ. ನಾಳಿ ಗುರುವಾರ ಬಾ."

ಬರ್ತೇನ್ರಿ ಎಂದಳು. ಅಕ್ಕ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಒಂದು ಗುರುತು ಹಾಕಿ, ಎರಡನೆಯ ನಂಬರು ಒತ್ತಿದರು.